ಐಸಿಯು ಬಾಯಿ ಆರೈಕೆಯ ಸಾಮಾನು: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ವೆಂಟಿಲೇಟರ್ ಮೇಲಿರುವ ರೋಗಿಯ ಮನೆಯವರ ಕೈಗೆ ಎರಡನೇ ದಿನವೋ ಮೂರನೇ ದಿನವೋ ಒಂದು ಚೀಟಿ ಬರುತ್ತದೆ. ಮೌತ್‌ವಾಶ್ ಒಂದು ಬಾಟಲಿ, ಮೌತ್ ಸ್ವಾಬ್ ಒಂದು ಪ್ಯಾಕೆಟ್, ಸಕ್ಷನ್ ಟೂತ್‌ಬ್ರಷ್ ಎರಡು. ಕೆಲವು ಕಡೆ ಇವೆಲ್ಲದರ ಬದಲು ಬರೀ ‘ಓರಲ್ ಕೇರ್ ಕಿಟ್’ ಎಂದಿರುತ್ತದೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತಲಿನ ಅಂಗಡಿಗಳು, ನಿಮ್ಹಾನ್ಸ್–ಕಿದ್ವಾಯಿ ಆಸುಪಾಸಿನ ಔಷಧಿ ಅಂಗಡಿಗಳು, ಕೊನೆಗೆ ಆನ್‌ಲೈನ್. ಪ್ರತಿ ಕಡೆಯೂ ಒಂದೊಂದು ಬಗೆ, ಒಂದೊಂದು ಬೆಲೆ. ಯಾವುದನ್ನು ಕೇಳಿ ಕೊಳ್ಳಬೇಕು ಎಂದು ಹೇಳುವವರು ಕೌಂಟರಿನಲ್ಲಿ ಯಾರೂ ಇರುವುದಿಲ್ಲ. ವಾರ್ಡಿಗೆ ಇಂಡೆಂಟ್ ಹಾಕುವ ಸಿಸ್ಟರ್‌ಗಳಿಗೂ, ಟ್ರೇಕಿಯಾಸ್ಟಮಿ (ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕುವುದು) ಆದವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಿಗೂ ಇದೇ ಗೊಂದಲ. ಇಂಥ ಸಾಮಾನುಗಳ ವಿಮರ್ಶೆ ಇದು.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಪಟ್ಟಿಯಲ್ಲಿ ನಿಜವಾಗಿ ದುಡಿಯುವುದು ಬ್ರಷ್‌ನ ಎಳೆಗಳು, ಜೊತೆಗೆ ಕೊಳೆಯನ್ನು ಆಗಲೇ ಹೊರಗೆಳೆಯುವ ಸಕ್ಷನ್. ಮೌತ್‌ವಾಶ್ ಎಂಬ ಬಣ್ಣದ ನೀರಿನ ಬಾಟಲಿ, ಮೌತ್ ಸ್ವಾಬ್ ಎಂಬ ಗುಲಾಬಿ ಸ್ಪಂಜು ಇವೆಲ್ಲ ಆಮೇಲಿನವು.

ಕಾರಣ ಸರಳ. ಬಾಯಿಗೆ ಟ್ಯೂಬ್ ಹಾಕಿಸಿಕೊಂಡವರು ನುಂಗುವುದಿಲ್ಲ, ಉಗುಳುವುದಿಲ್ಲ, ಅಗಿಯುವುದಿಲ್ಲ. ಬಾಯಿ ಸದಾ ತೆರೆದೇ ಇರುತ್ತದೆ. ಕೊಡುವ ಔಷಧಿಗಳಲ್ಲಿ ಹಲವು ಜೊಲ್ಲನ್ನು ಬತ್ತಿಸುತ್ತವೆ. ಜೊಲ್ಲು ತೊಳೆಯದ ಬಾಯಲ್ಲಿ ಹಲ್ಲಿನ ಮೇಲೆ ಪಾಚಿ (ಪ್ಲಾಕ್, ಜೀವಾಣುಗಳ ಅಂಟು ಪದರ) ಬೇಗ ಕಟ್ಟುತ್ತದೆ. ತೀವ್ರವಾಗಿ ಕಾಯಿಲೆ ಬಿದ್ದವರ ಬಾಯಲ್ಲಿ ಎರಡು ಮೂರು ದಿನದೊಳಗೆ ಎಂದಿನ ನಿರುಪದ್ರವಿ ಜೀವಾಣುಗಳ ಜಾಗಕ್ಕೆ ಕ್ಲೆಬ್ಸಿಯೆಲ್ಲ, ಸ್ಯೂಡೋಮೊನಾಸ್, ಅಸಿನೆಟೋಬ್ಯಾಕ್ಟರ್‌ನಂಥ ಆಸ್ಪತ್ರೆಯ ಜೀವಾಣುಗಳು ಬಂದು ಕೂರುತ್ತವೆ. ಅವುಗಳಿಗೆ ಪಾಚಿಯೇ ಮನೆ.

ಶ್ವಾಸನಾಳದೊಳಗೆ ಟ್ಯೂಬ್‌ನ ಸುತ್ತ ಒಂದು ಗಾಳಿ ಬಲೂನು ಇರುತ್ತದೆ. ಆಸ್ಪತ್ರೆಯ ಮಾತಲ್ಲಿ ‘ಕಫ್’. ನಮ್ಮ ಕಫಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಬಿರಡೆಯ ಹಾಗೆ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಬಲೂನಿನ ಮೇಲೆ ನಿಂತ ಜೊಲ್ಲು ಅದರ ಸಣ್ಣ ಸಣ್ಣ ಮಡಿಕೆಗಳ ಸಂದಿನಲ್ಲಿ ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಇಳಿಯುತ್ತಲೇ ಇರುತ್ತದೆ. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾಕ್ಕೆ ಇದೊಂದು ಮುಖ್ಯ ದಾರಿ. ಹಾಗಾಗಿ ಬಾಯಿ ಆರೈಕೆ ಎಂದರೆ ಬರೀ ವಾಸನೆ ಹೋಗಿಸುವ, ನೋಡಲು ಚೆಂದ ಕಾಣಿಸುವ ಕೆಲಸವಲ್ಲ.

ಸಕ್ಷನ್ ಟೂತ್‌ಬ್ರಷ್

ಇದು ಟೊಳ್ಳು ಹಿಡಿಯ ಬ್ರಷ್. ತಲೆಯಲ್ಲಿ ಎಳೆಗಳ ನಡುವೆಯೋ ಪಕ್ಕದಲ್ಲೋ ತೂತು, ಹಿಡಿಯ ಮೇಲೆ ಹೆಬ್ಬೆರಳಿಗೆ ಸಿಗುವಂತೆ ಇನ್ನೊಂದು ತೂತು, ಹಿಂಬದಿಯಲ್ಲಿ ಸಕ್ಷನ್ ಪೈಪ್ ಸಿಕ್ಕಿಸುವ ಕೊಳವೆ. ಹೆಬ್ಬೆರಳು ಮುಚ್ಚಿದರೆ ಬಾಯಿಂದ ಎಳೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಚೀಟಿಯಲ್ಲಿರುವುದರಲ್ಲಿ ದುಡ್ಡು ಕೊಡಬೇಕಾದ ವಸ್ತು ಇದೇ. ಆದರೆ ‘ಸಕ್ಷನ್ ಟೂತ್‌ಬ್ರಷ್’ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಮೊದಲು ತಲೆಯ ಗಾತ್ರ ನೋಡಿ. ದೊಡ್ಡವರ ಮಾಮೂಲು ಬ್ರಷ್‌ನಷ್ಟು ತಲೆ ಇರುವುದು ಟ್ಯೂಬ್ ಇರುವ ಬಾಯಲ್ಲಿ ಹಿಂದಿನ ದವಡೆ ಹಲ್ಲಿಗೆ ತಲುಪುವುದಿಲ್ಲ. ಎರಡು ಸೆಂಟಿಮೀಟರ್‌ಗಿಂತ ಉದ್ದವಿರಬಾರದು, ಒಂದೂವರೆ ಇದ್ದರೆ ಇನ್ನೂ ಒಳ್ಳೆಯದು. ಎಲೆ ಅಡಿಕೆ, ಗುಟ್ಕಾ ಹಾಕಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಗಲವೂ ತೆರೆಯುವುದಿಲ್ಲ. ಅಂಥವರಿಗೆ ದೊಡ್ಡ ತಲೆಯ ಬ್ರಷ್ ತಂದರೆ ಅದು ಪ್ಯಾಕೆಟ್‌ನಲ್ಲೇ ಉಳಿಯುತ್ತದೆ.

ಎರಡನೆಯದು ಎಳೆ. ಇದರಲ್ಲೇ ಹೆಚ್ಚು ಮೋಸ. ಅಗ್ಗದ ಕೆಲವು ಮಾದರಿಗಳಲ್ಲಿ ನೈಲಾನ್ ಎಳೆಯ ಬದಲು ರಬ್ಬರಿನಂಥ ಮೊಂಡು ಮುಳ್ಳುಗಳಿರುತ್ತವೆ. ಅವು ನಾಲಿಗೆಗೆ ಪರವಾಗಿಲ್ಲ. ಹಲ್ಲು–ವಸಡು ಸೇರುವ ಗೆರೆಯಲ್ಲಿ ಪಾಚಿ ಎಬ್ಬಿಸಲು ಮೆತ್ತನೆಯ, ದಟ್ಟವಾದ, ತೆಳು ಎಳೆಗಳೇ ಬೇಕು. ಪ್ಯಾಕೆಟ್ ಪಾರದರ್ಶಕವಾಗಿದ್ದರೆ ಕೌಂಟರಿನಲ್ಲೇ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ತಲೆಯ ಹತ್ತಿರದ ಫೋಟೋ ಹಾಕಿಲ್ಲದ ಬ್ರಷ್ ತರಿಸಬೇಡಿ.

ಮೂರನೆಯದು ತೂತಿನ ಜಾಗ. ಎಳೆಗಳ ಬುಡದಲ್ಲಿ ಒಂದೇ ಸಣ್ಣ ತೂತಿದ್ದರೆ ಐಸಿಯು ರೋಗಿಯ ನೂಲಿನಂತೆ ಎಳೆಯುವ ಗಟ್ಟಿ ಜೊಲ್ಲಿಗೆ ಎರಡೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಎರಡು ಮೂರು ತೂತು, ಅದರಲ್ಲಿ ಒಂದಾದರೂ ತಲೆಯ ತುದಿಯಲ್ಲಿರುವುದು ಒಳ್ಳೆಯ ವಿನ್ಯಾಸ. ಹತ್ತಾರು ಬ್ರಷ್ ಒಟ್ಟಿಗೆ ಕೊಳ್ಳುವ ಮುನ್ನ ಒಂದನ್ನು ತಂದು ಪರೀಕ್ಷಿಸಿ. ಸಕ್ಷನ್‌ಗೆ ಸಿಕ್ಕಿಸಿ, 100 ಎಂಎಂ ಪಾದರಸದಷ್ಟು ಎಳೆತದಲ್ಲಿಟ್ಟು, ಮೊದಲು ಒಂದು ಲೋಟ ನೀರಲ್ಲಿ ಅದ್ದಿ. ಹೆಬ್ಬೆರಳು ಮುಚ್ಚಿದಾಗ ನೀರು ಸರಸರನೆ ಹೋಗಬೇಕು, ಬಿಟ್ಟ ಕೂಡಲೇ ನಿಲ್ಲಬೇಕು. ಆಮೇಲೆ ಅನ್ನ ಬಸಿದ ಗಂಜಿಯನ್ನು ಆರಿಸಿ ಅದರಲ್ಲಿ ಅದ್ದಿ. ನೀರನ್ನು ಎಳೆಯುವ ಬ್ರಷ್ ಬೇಕಾದಷ್ಟಿವೆ. ಗಂಜಿಯನ್ನೂ ಎಳೆಯುವ ಬ್ರಷ್ ಬಾಯಲ್ಲೂ ನಡೆಯುತ್ತದೆ.

ನಾಲ್ಕನೆಯದು ಹಿಂಬದಿಯ ಕೊಳವೆ. ಸಡಿಲವಾಗಿದ್ದರೆ ಗಾಳಿ ಸೋರಿ ಎಳೆತವೇ ಇರುವುದಿಲ್ಲ. ‘ಬ್ರಷ್ ಸರಿಯಿಲ್ಲ’ ಎಂದು ಬಿಸಾಡುವವುಗಳಲ್ಲಿ ಎಷ್ಟೋ ಸಲ ತಪ್ಪು ಬ್ರಷ್‌ನದಲ್ಲ, ಈ ಜೋಡಣೆಯದು. ಸೋರಿಕೆಗೆ ಪ್ಲಾಸ್ಟರ್ ಸುತ್ತುವ ಅಭ್ಯಾಸವಿದೆ. ಅದು ಒದ್ದೆಯಾಗಿ ಬಿಚ್ಚಿಕೊಳ್ಳುತ್ತದೆ, ಕೊಳೆಯನ್ನೂ ಹಿಡಿದಿಡುತ್ತದೆ. ಸರಿಹೊಂದುವ ಕನೆಕ್ಟರ್ ಕೇಳಿ ತನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ಸಕ್ಷನ್ ಬ್ರಷ್ ಸಿಗಲಿಲ್ಲ, ಅಥವಾ ದಿನಕ್ಕೊಂದು ಕೊಳ್ಳುವಷ್ಟು ಅನುಕೂಲವಿಲ್ಲ ಅಂದರೆ ಕೈಚೆಲ್ಲಬೇಕಾಗಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಮಕ್ಕಳ ಮೆತ್ತನೆ ಬ್ರಷ್, ಜೊತೆಗೆ 12 ಅಥವಾ 14 ಫ್ರೆಂಚ್ ಅಳತೆಯ ಸಕ್ಷನ್ ಕ್ಯಾಥೆಟರ್ ಅಥವಾ ಯಾಂಕರ್ (ಬಾಯಿಯ ಜೊಲ್ಲೆಳೆಯುವ ಗಟ್ಟಿ ಪ್ಲಾಸ್ಟಿಕ್ ಕೊಳವೆ), ಮತ್ತು ಇಬ್ಬರು ಜನ. ಒಬ್ಬರು ಉಜ್ಜುತ್ತಾರೆ, ಇನ್ನೊಬ್ಬರು ಅದೇ ಕೆನ್ನೆಯ ಸಂದಿನಲ್ಲಿ ಕ್ಯಾಥೆಟರ್ ಇಟ್ಟು ಎಳೆಯುತ್ತಾರೆ. ಫಲಿತಾಂಶದಲ್ಲಿ ಇದೇನೂ ಕಮ್ಮಿಯಲ್ಲ. ಕೊರತೆ ಏನಿದ್ದರೂ ಎರಡನೇ ಜೊತೆ ಕೈಯದು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎರಡು ಮೂರು ವೆಂಟಿಲೇಟರ್ ಇದ್ದರೆ ಆ ಕೈ ಸಿಗುವುದಿಲ್ಲ. ಸಕ್ಷನ್ ಬ್ರಷ್‌ಗೆ ಕೊಡುವ ದುಡ್ಡು ನಿಜವಾಗಿ ಆ ಇನ್ನೊಂದು ಕೈಯ ಬೆಲೆ.

24 ಗಂಟೆಯ ಕಿಟ್

ಸ್ಟ್ರೈಕರ್ ಕಂಪನಿಯ ಕೈಗೆ ಬಂದಿರುವ ಸೇಜ್ ಕ್ಯೂ-ಕೇರ್, ಇಂಟರ್‌ಸರ್ಜಿಕಲ್ ಕಂಪನಿಯ ಓರೋಕೇರ್ ಇಂಥವು ಒಂದು ದಿನದ ಸಾಮಾನನ್ನು ಹೊತ್ತಿಗೆ ತಕ್ಕಂತೆ ಪೊಟ್ಟಣ ಕಟ್ಟಿ ಕೊಡುತ್ತವೆ. ಎರಡು ಹೊತ್ತಿಗೆ ಬ್ರಷ್, ಉಳಿದ ಹೊತ್ತಿಗೆ ಸ್ವಾಬ್, ಜೊತೆಗೆ ತೊಳೆಯುವ ದ್ರವ, ತುಟಿಗೆ ಮಾಯಿಶ್ಚರೈಸರ್. ಕಿಟ್‌ನ ದೊಡ್ಡ ಗುಣ ಒಳಗಿನ ಸಾಮಾನಲ್ಲ, ಅದರ ಲೆಕ್ಕ. ಹಾಸಿಗೆ ಪಕ್ಕ ತೂಗುಹಾಕಿದ ಪೊಟ್ಟಣಗಳಲ್ಲಿ ಸಂಜೆ ಆರಕ್ಕೆ ಮುಗಿಯಬೇಕಾದದ್ದು ಹಾಗೇ ಇದ್ದರೆ ಕೆಲಸ ಆಗಿಲ್ಲ ಎಂದು ಯಾರಿಗಾದರೂ ಕಾಣುತ್ತದೆ. ಚಾರ್ಟ್‌ನಲ್ಲಿ ಟಿಕ್ ಹಾಕುವುದು ಸುಲಭ, ಪೊಟ್ಟಣ ಸುಳ್ಳು ಹೇಳುವುದಿಲ್ಲ.

ತೊಂದರೆ ಬೆಲೆಯದು. ಒಂದು ಕಿಟ್‌ನ ದುಡ್ಡಿಗೆ ಮಕ್ಕಳ ಬ್ರಷ್ ಡಜನ್‌ಗಟ್ಟಲೆ ಬರುತ್ತವೆ. ನ್ಯುಮೋನಿಯಾ ಪ್ರಮಾಣವನ್ನು ಸಾವಿರ ವೆಂಟಿಲೇಟರ್ ದಿನಗಳಿಗೆ ಲೆಕ್ಕ ಹಾಕಿ ನೋಡುವ ದೊಡ್ಡ ಆಸ್ಪತ್ರೆಗೆ ಕಿಟ್ ಸರಿಹೋಗಬಹುದು. ಮನೆಯವರೇ ಜೇಬಿಂದ ಕೊಡಬೇಕಾದ ಕಡೆ ಬಿಡಿಬಿಡಿಯಾಗಿ ಕೊಳ್ಳುವುದೇ ಲೇಸು. ಇಲ್ಲೊಂದು ಬಿಲ್ಲಿನ ಸಂಗತಿ: ವಿಮಾ ಪ್ರಾಧಿಕಾರದ ಪಟ್ಟಿಯ ಪ್ರಕಾರ ಟೂತ್‌ಬ್ರಷ್, ಟೂತ್‌ಪೇಸ್ಟ್ ಎರಡೂ ಕೊಠಡಿ ಬಾಡಿಗೆಯೊಳಗೇ ಸೇರಬೇಕಾದವು. ಅವನ್ನು ಬೇರೆ ಸಾಲಿನಲ್ಲಿ ಹಾಕಿದ್ದರೆ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಬಹುದು. ‘ಕಿಟ್’ ಎಂಬ ಹೆಸರಲ್ಲಿ ಹಾಕಿದಾಗ ವಾದ ಬೆಳೆಯುತ್ತದೆ, ಆದ್ದರಿಂದ ಮೊದಲೇ ಕೇಳಿಡಿ.

ಗುಲಾಬಿ ಸ್ಪಂಜು

ಕಡ್ಡಿಯ ತುದಿಯ ಹೂವಿನಾಕಾರದ ಸ್ಪಂಜು ಎಲ್ಲರಿಗೂ ಇಷ್ಟ. ಮೆತ್ತಗಿದೆ, ರಕ್ತ ಬರುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಅದು ಪಾಚಿಯ ಮೇಲೆ ಜಾರಿ ಹೋಗುತ್ತದೆ, ಕೀಳುವುದಿಲ್ಲ. ಎಣ್ಣೆ ಜಿಡ್ಡಿನ ಬಾಣಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಬ್ರಷ್‌ಗೆ ಬದಲಾಗಿ ಇದನ್ನು ಬಳಸುವುದೇ ತಪ್ಪು. ಎರಡು ಬ್ರಷ್‌ಗಳ ನಡುವಿನ ಹೊತ್ತಲ್ಲಿ ಬಾಯಿ ಒದ್ದೆ ಮಾಡಲು ಮಾತ್ರ ಇಟ್ಟುಕೊಳ್ಳಿ.

ಅಪಾಯವೂ ಇದೆ. ರೋಗಿ ಕಚ್ಚಿದರೆ, ಅಥವಾ ಸ್ಪಂಜನ್ನು ತುಂಬಾ ಹೊತ್ತು ದ್ರವದಲ್ಲಿ ನೆನೆಸಿಟ್ಟರೆ ತಲೆ ಕಳಚಿ ಗಂಟಲಲ್ಲಿ ಉಳಿಯಬಹುದು. ಬ್ರಿಟನ್ನಿನ ಔಷಧ–ಉಪಕರಣ ನಿಯಂತ್ರಣ ಸಂಸ್ಥೆ 2012ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಬಳಸುವ ಮುನ್ನ ತಲೆಯನ್ನು ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ, ಅದ್ದಿ ಹಿಂಡಿ ಕೂಡಲೇ ಬಳಸಿ, ಬಾಯಿಂದ ತೆಗೆದಾಗ ತಲೆ ಕಡ್ಡಿಯಲ್ಲೇ ಇದೆಯೇ ನೋಡಿ, ಎಸೆಯಿರಿ. ಕಚ್ಚುವ ರೋಗಿಗೆ ಬೇಡವೇ ಬೇಡ.

ನಿಂಬೆ–ಗ್ಲಿಸರಿನ್ ಸ್ವಾಬ್ ಇನ್ನೂ ಕೆಲವು ಕಡೆ ಮಾರಾಟಕ್ಕಿದೆ. ಕೊಳ್ಳಬೇಡಿ. ನಿಂಬೆಯ ಹುಳಿ ಹಲ್ಲಿನ ಎನಾಮಲ್ ತಿನ್ನುತ್ತದೆ, ಗ್ಲಿಸರಿನ್ ಮೊದಲು ತಂಪೆನಿಸಿದರೂ ಆಮೇಲೆ ಬಾಯನ್ನು ಇನ್ನಷ್ಟು ಒಣಗಿಸುತ್ತದೆ.

ಹಳೆಯ ಪದ್ಧತಿಯ ಟ್ರೇ ನರ್ಸಿಂಗ್ ಓದಿದ ಎಲ್ಲರಿಗೂ ಗೊತ್ತು: ಆರ್ಟರಿ ಫೋರ್ಸೆಪ್ಸ್ (ಲಾಕ್ ಇರುವ ಇಕ್ಕಳ), ಗಾಜ್ (ಜಾಳು ಹತ್ತಿ ಬಟ್ಟೆ) ತುಂಡು, ಕಿಡ್ನಿ ಟ್ರೇ, ಟಂಗ್ ಡಿಪ್ರೆಸರ್. ಇದು ಸ್ಪಂಜಿಗಿಂತ ಎಷ್ಟೋ ವಾಸಿ, ಯಾಕೆಂದರೆ ಗಾಜ್ ಒರಟು. ಗಾಜ್ ಫೋರ್ಸೆಪ್ಸ್‌ನ ತುದಿಯನ್ನು ಪೂರ್ತಿ ಸುತ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಲೋಹ ಹಲ್ಲಿಗೆ ತಾಗುತ್ತದೆ. ಲಾಕ್ ಪೂರ್ತಿ ಬಿದ್ದಿರಬೇಕು. ಒಳಗೆ ಹೋದ ತುಂಡು, ಹೊರಗೆ ಬಂದ ತುಂಡು ಎಣಿಸಬೇಕು. ಹಲ್ಲೇ ಇಲ್ಲದವರಿಗೆ, ಪ್ಲೇಟ್‌ಲೆಟ್ ಬಹಳ ಇಳಿದವರಿಗೆ ಈಗಲೂ ಇದೇ ಸರಿ. ಮಳೆಗಾಲದಲ್ಲಿ ಡೆಂಗಿ ರೋಗಿಗಳು ಐಸಿಯು ತುಂಬುವ ನಮ್ಮೂರಲ್ಲಿ ಈ ಮಾತು ಮುಖ್ಯ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ, ಅಥವಾ ವಸಡಲ್ಲಿ ಆಗಲೇ ರಕ್ತ ಜಿನುಗುತ್ತಿದ್ದರೆ ಬ್ರಷ್ ಹಿಡಿಯುವ ಮುನ್ನ ಡಾಕ್ಟರನ್ನು ಕೇಳಿ. ಗಾಜ್‌ನಲ್ಲೇ ಮೆತ್ತಗೆ ಒರೆಸಿ ಮುಗಿಸುವುದು ವಾಡಿಕೆ.

ಬಾಟಲಿಗಳು

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಇಲ್ಲದ ಐಸಿಯು ಚೀಟಿಯೇ ಇರಲಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 0.2ರದ್ದು, ಅಮೆರಿಕದಲ್ಲಿ ಶೇ. 0.12ರದ್ದು. ಅಲ್ಲಿಯ 15 ಮಿ.ಲೀ.ಯಲ್ಲಿ 18 ಮಿ.ಗ್ರಾಂ, ಇಲ್ಲಿಯ 10 ಮಿ.ಲೀ.ಯಲ್ಲಿ 20 ಮಿ.ಗ್ರಾಂ ಔಷಧ ಇರುವುದರಿಂದ ಲೆಕ್ಕ ಹೆಚ್ಚುಕಮ್ಮಿ ಒಂದೇ. ಆದರೆ ಈಗ ಗಾಳಿ ತಿರುಗಿದೆ. ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2014ರ ಒಂದು ವಿಶ್ಲೇಷಣೆ, ಹೃದಯ ಶಸ್ತ್ರಚಿಕಿತ್ಸೆ ಆಗದ ವೆಂಟಿಲೇಟರ್ ರೋಗಿಗಳಲ್ಲಿ ಇದರಿಂದ ನ್ಯುಮೋನಿಯಾ ಕಡಿಮೆಯಾಗುವುದು ಖಚಿತವಿಲ್ಲ, ಸಾವು ಸ್ವಲ್ಪ ಹೆಚ್ಚಿರಬಹುದು ಎಂಬ ಅನುಮಾನ ಎತ್ತಿತು. 2021ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಕ್ಲೋರ್‌ಹೆಕ್ಸಿಡಿನ್ ನಿಲ್ಲಿಸಿ ಬ್ರಷ್ ಸಹಿತ ಆರೈಕೆ ಕ್ರಮ ತಂದಾಗ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಬಾಯಿಯ ಸ್ಥಿತಿ ಸುಧಾರಿಸಿತು. ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘಗಳು 2022ರಲ್ಲಿ ಪರಿಷ್ಕರಿಸಿದ ಶಿಫಾರಸಿನಲ್ಲಿ ಹಲ್ಲುಜ್ಜುವುದು ಅತ್ಯಗತ್ಯ ಕ್ರಮಗಳ ಸಾಲಿಗೆ ಬಂತು, ಕ್ಲೋರ್‌ಹೆಕ್ಸಿಡಿನ್ ‘ಸಾಮಾನ್ಯವಾಗಿ ಬೇಡ’ ಎಂಬ ಸಾಲಿಗೆ ಹೋಯಿತು. 2023ರ ಕೊನೆಯಲ್ಲಿ ‘ಜಾಮಾ ಇಂಟರ್ನಲ್ ಮೆಡಿಸಿನ್’ ಪ್ರಕಟಿಸಿದ, 15 ಪ್ರಯೋಗಗಳನ್ನು ಒಟ್ಟು ಹಾಕಿದ ವಿಶ್ಲೇಷಣೆಯಲ್ಲಿ ಬರೀ ಹಲ್ಲುಜ್ಜುವುದರಿಂದಲೇ ಆಸ್ಪತ್ರೆ ನ್ಯುಮೋನಿಯಾ ಸುಮಾರು ಮೂರನೇ ಒಂದರಷ್ಟು ಕಡಿಮೆ ಕಂಡಿತು. ಲಾಭ ಹೆಚ್ಚಾಗಿ ವೆಂಟಿಲೇಟರ್ ರೋಗಿಗಳದ್ದು. ದಿನಕ್ಕೆ ಎರಡು ಸಲಕ್ಕೂ ಮೂರು ಸಲಕ್ಕೂ ಹೆಚ್ಚಿನ ಅಂತರ ಇರಲಿಲ್ಲ.

ಹಾಗೆಂದು ಡಾಕ್ಟರ್ ಬರೆದದ್ದನ್ನು ಮನೆಯವರು ತಾವಾಗಿ ನಿಲ್ಲಿಸಬಾರದು. ದವಡೆ ಶಸ್ತ್ರಚಿಕಿತ್ಸೆ, ವಸಡಿನ ಸೋಂಕು ಹೀಗೆ ಬೇರೆ ಕಾರಣಕ್ಕೆ ಬರೆದಿರಬಹುದು. ಬಳಸುವುದಾದರೆ ಟೂತ್‌ಪೇಸ್ಟ್ ಜೊತೆಜೊತೆಗೇ ಬೇಡ. ಪೇಸ್ಟ್‌ನ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕ್ಲೋರ್‌ಹೆಕ್ಸಿಡಿನ್ನನ್ನು ಕಟ್ಟಿಹಾಕುತ್ತದೆ. ಎರಡರ ನಡುವೆ ಕಡಿಮೆಯೆಂದರೆ ಅರ್ಧ ಗಂಟೆ ಬಿಡಿ. ವಾರ ಕಳೆದರೆ ಹಲ್ಲಿಗೆ ಕಂದು ಕಲೆ ಬರುತ್ತದೆ, ಅದು ಕೊಳೆಯಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಪಾಲಿಶ್ ಮಾಡಿಸಿದರೆ ಹೋಗುತ್ತದೆ.

ಟೂತ್‌ಪೇಸ್ಟ್ ಹಾಕುವುದಾದರೆ ಅಕ್ಕಿಕಾಳಿನಷ್ಟು. ನೊರೆ ಹೆಚ್ಚಾದಷ್ಟೂ ಗಂಟಲಿಗೆ ಇಳಿಯುವುದು ಹೆಚ್ಚು, ಹಲ್ಲು ಕಾಣುವುದು ಕಡಿಮೆ. ಲೇಬಲ್‌ನಲ್ಲಿ ಲಾರಿಲ್ ಸಲ್ಫೇಟ್ ಇಲ್ಲದ್ದು ನೋಡಿ ತನ್ನಿ. ಪೇಸ್ಟ್ ಇಲ್ಲದೆ ಬರೀ ನೀರಲ್ಲಿ ಉಜ್ಜಿದರೂ ಪಾಚಿ ಹೋಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಎಚ್ಚರ. ಔಷಧಿ ಅಂಗಡಿಯ ಬಾಟಲಿ ಸಾಮಾನ್ಯವಾಗಿ ಶೇ. 6ರದ್ದು. ಹಾಗೇ ಹಾಕಿದರೆ ಬಾಯಿ ಸುಡುತ್ತದೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಶೇ. 1.2 ಆಗುತ್ತದೆ. ಒಣಗಿ ಕರಕಲು ಕಟ್ಟಿದ ರಕ್ತ, ಕಫ ಸಡಿಲಿಸಲು ಒಂದೆರಡು ಸಲ ಸಾಕು, ದಿನಾ ಬೇಡ. ಅದಕ್ಕಿಂತ ಸಾಧುವಾದದ್ದು ಅಡುಗೆ ಸೋಡಾ: ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ. ನಾಲಿಗೆ ಮೇಲಿನ ಅಂಟು ಜೊಲ್ಲು ಇದಕ್ಕೆ ಚೆನ್ನಾಗಿ ಬಿಡುತ್ತದೆ. ಆಮೇಲೆ ಬರೀ ನೀರಲ್ಲಿ ತೊಳೆಯಿರಿ. ಗಂಟಲು ಮುಕ್ಕಳಿಸುವ ಪೊವಿಡೋನ್ ಅಯೊಡಿನ್‌ಗೆ ಇಲ್ಲಿ ಕೆಲಸವಿಲ್ಲ.

ನೀರು ಯಾವುದು ಎಂಬುದನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಲ್ಲಿ ಅದು ಕಾವೇರಿಯೋ ಬೋರ್‌ವೆಲ್ಲೋ ಟ್ಯಾಂಕರೋ, ಯಾವುದೇ ಆದರೂ ಓವರ್‌ಹೆಡ್ ಟ್ಯಾಂಕ್ ದಾಟಿಯೇ ನಲ್ಲಿಗೆ ಬರುತ್ತದೆ. ಸಿಂಕ್ ಮತ್ತು ನಲ್ಲಿಗಳಲ್ಲಿ ಸ್ಯೂಡೋಮೊನಾಸ್ ನೆಲೆಸುವುದು ಐಸಿಯುಗಳಲ್ಲಿ ಹಳೆಯ ಕಥೆ. ವೆಂಟಿಲೇಟರ್ ರೋಗಿಗೆ ಸ್ಟೆರೈಲ್ ವಾಟರ್ ಅಥವಾ 100 ಮಿ.ಲೀ. ಸಲೈನ್ ಬಾಟಲಿ, ಮನೆಯಲ್ಲಾದರೆ ಕುದಿಸಿ ಆರಿಸಿದ ನೀರು. ತೆರೆದ ಬಾಟಲಿಯನ್ನು 24 ಗಂಟೆಯಾದ ಮೇಲೆ ಎಸೆದುಬಿಡಿ.

ಸಕ್ಷನ್ ಯಂತ್ರ

ಬಾಯಿಗೆ ದೊಡ್ಡವರಲ್ಲಿ 80ರಿಂದ 120 ಎಂಎಂ ಪಾದರಸದಷ್ಟು ಎಳೆತ ಸಾಕು. ಗೋಡೆಯ ಗೇಜ್ ಕಿಲೋಪಾಸ್ಕಲ್‌ನಲ್ಲಿದ್ದರೆ ಸುಮಾರು 11ರಿಂದ 16. ಅದಕ್ಕಿಂತ ಹೆಚ್ಚಿಟ್ಟರೆ ಕೆನ್ನೆಯ ಒಳಪದರ ತೂತಿಗೆ ಅಂಟಿ ರಕ್ತ ಹೆಪ್ಪುಗಟ್ಟುತ್ತದೆ. ಮನೆಗೆ ಮಾರುವ ಯಂತ್ರಗಳ ಮೇಲೆ ದೊಡ್ಡದಾಗಿ 0.08 ಎಂಪಿಎ ಎಂದು ಬರೆದಿರುತ್ತದೆ. ಅದು ಸುಮಾರು 600 ಎಂಎಂ, ಯಂತ್ರದ ಗರಿಷ್ಠ ಶಕ್ತಿ. ಅದನ್ನು ನೋಡಿ ಕೊಳ್ಳುವವರೇ ಜಾಸ್ತಿ. ನೋಡಬೇಕಾದ್ದು ಅದನ್ನು ತಗ್ಗಿಸುವ ತಿರುಪು ಇದೆಯೇ, 100ರ ಹತ್ತಿರ ಇಟ್ಟರೆ ಮುಳ್ಳು ಅಲ್ಲಾಡದೆ ನಿಲ್ಲುತ್ತದೆಯೇ ಎಂಬುದನ್ನು. (ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಬರೆದಷ್ಟು ಗರಿಷ್ಠ ಎಳೆತ ಇಲ್ಲಿ ಬರುವುದೂ ಇಲ್ಲ. ನಮಗೆ ಬೇಕಾದ್ದು ಅದರ ಐದನೇ ಒಂದು ಭಾಗ ಅನ್ನಿ.) ಕರೆಂಟ್ ಹೋದರೆ? ಬ್ಯಾಟರಿ ಇರುವ ಯಂತ್ರ, ಇಲ್ಲವೇ ಪಕ್ಕದಲ್ಲೊಂದು ಕಾಲಲ್ಲಿ ತುಳಿಯುವ ಪಂಪ್. ಟ್ರೇಕಿಯಾಸ್ಟಮಿ ಇರುವ ಮನೆಯಲ್ಲಿ ಇವೆರಡರಲ್ಲಿ ಒಂದು ಇರಲೇಬೇಕು.

ಇನ್ನೊಂದು ಮಾತು: ಬಾಯಿಗೆ ಬಳಸಿದ ಕ್ಯಾಥೆಟರನ್ನು ಶ್ವಾಸನಾಳದ ಟ್ಯೂಬ್‌ಗೆ ಹಾಕಬಾರದು. ಎರಡಕ್ಕೂ ಬೇರೆ ಬೇರೆ ಇಡಿ.

ಬಳಸುವ ಬಗೆ

ಒಳ್ಳೆಯ ಬ್ರಷ್ ತಂದು ಮುಂದಿನ ನಾಲ್ಕು ಹಲ್ಲು ಮಾತ್ರ ಉಜ್ಜಿದರೆ ಅಷ್ಟಕ್ಕಷ್ಟೇ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಏರಿಸಿ. ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟ ಕೂಡಲೇ ಬೇಡ, ವಾಂತಿಯಾದೀತು. ಕಫ್ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟಿದೆಯೇ ಗೇಜ್ ಹಾಕಿ ನೋಡಿ, ಬೆರಳಲ್ಲಿ ಒತ್ತಿ ಅಂದಾಜು ಮಾಡುವುದನ್ನು ಬಿಡಿ. ಟ್ಯೂಬ್ ತುಟಿಯ ಬಳಿ ಎಷ್ಟನೇ ಗುರುತಿಗಿದೆ ಬರೆದುಕೊಳ್ಳಿ. ಸಾಮಾನ್ಯವಾಗಿ ಹೆಂಗಸರಿಗೆ 21, ಗಂಡಸರಿಗೆ 23 ಸೆಂ.ಮೀ. ಆಸುಪಾಸು. ರೋಗಿಗೆ ಪ್ರಜ್ಞೆ ಇಲ್ಲದಂತೆ ಕಂಡರೂ ‘ಅಮ್ಮಾ, ಹಲ್ಲುಜ್ಜುತ್ತೀನಿ, ಬಾಯಿ ಬಿಡಿ’ ಅನ್ನಿ. ಹೇಳದೆ ಬಾಯಿಗೆ ಕೈ ಹಾಕಿದರೆ ಯಾರಾದರೂ ಕಚ್ಚುತ್ತಾರೆ. ಬೆರಳನ್ನು ಹಲ್ಲುಗಳ ನಡುವೆ ಇಡಲೇಬೇಡಿ, ಕಚ್ಚುವವರಿಗೆ ಬೈಟ್ ಬ್ಲಾಕ್ (ಹಲ್ಲುಗಳ ನಡುವೆ ಇಡುವ ತಡೆ) ಇರಲಿ.

ಮೊದಲು ಟಾರ್ಚ್ ಬಿಟ್ಟು ಪೂರ್ತಿ ಬಾಯಿ ನೋಡಿ. ತುಟಿ, ನಾಲಿಗೆ, ವಸಡು, ಅಂಗುಳು, ಹಲ್ಲು, ಜೊಲ್ಲು. ಬಾಯಿಯ ಸ್ಥಿತಿ ಅಳೆಯುವ ಬೆಕ್ ಅಳತೆಗೋಲು ಬಳಸುವ ಕಡೆ ತುಟಿ, ವಸಡು ಮತ್ತು ಬಾಯಿಯ ಒಳಪದರ, ನಾಲಿಗೆ, ಹಲ್ಲು, ಜೊಲ್ಲು ಈ ಐದಕ್ಕೆ ಒಂದರಿಂದ ನಾಲ್ಕು ಅಂಕ ಕೊಡುತ್ತಾರೆ, 5 ಬಂದರೆ ಚೆನ್ನ, 20 ಬಂದರೆ ತೀರಾ ಕೆಟ್ಟದ್ದು. ಅಲುಗುವ ಹಲ್ಲು ಎಣಿಸಿ ಬರೆದಿಡಿ. ಬಿಳಿ ಮೊಸರಿನಂಥ ಪದರ ಒರೆಸಿದರೆ ಕೆಂಪಾದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇರಬಹುದು. ಅಂಗುಳಿನಲ್ಲಿ ಕಪ್ಪು ಮಚ್ಚೆ ಕಂಡರೆ ಅದೇ ಗಳಿಗೆಯಲ್ಲಿ ಡಾಕ್ಟರಿಗೆ ಹೇಳಿ. 2021ರ ಕಪ್ಪು ಶಿಲೀಂಧ್ರದ ದಿನಗಳ ಪಾಠ ಅದು, ಸಕ್ಕರೆ ಕಾಯಿಲೆಯವರಲ್ಲಿ ಈಗಲೂ ಬರುತ್ತದೆ.

ಗಂಟಲ ಹಿಂದೆ ನಿಂತ ಜೊಲ್ಲನ್ನು ಮೊದಲು ಎಳೆದು ತೆಗೆಯಿರಿ. ಆಮೇಲೆ ಬ್ರಷ್. ವಸಡಿನ ಗೆರೆಗೆ 45 ಡಿಗ್ರಿ ಓರೆಯಾಗಿಟ್ಟು ಸಣ್ಣ ಸಣ್ಣ ವೃತ್ತ. ಬಾಯನ್ನು ನಾಲ್ಕು ಭಾಗ ಮಾಡಿಕೊಂಡು ಭಾಗಕ್ಕೆ ಅರ್ಧ ನಿಮಿಷದಂತೆ ಹೊರಗೆ, ಒಳಗೆ, ಅಗಿಯುವ ಮೇಲ್ಭಾಗ. ಟ್ಯೂಬ್ ಇರುವ ಬದಿಯೇ ಯಾವಾಗಲೂ ತಪ್ಪಿಹೋಗುವುದು. ಅದನ್ನೇ ಮೊದಲು ಮಾಡಿ. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ. ನೀರನ್ನು ಸಿರಿಂಜ್‌ನಲ್ಲಿ ಒಂದೆರಡು ಮಿ.ಲೀ.ಯಂತೆ ಕೆನ್ನೆಯ ಪಕ್ಕಕ್ಕೆ ಬಿಡಿ, ಬಿಡುವಾಗಲೇ ಹೆಬ್ಬೆರಳು ಮುಚ್ಚಿ ಎಳೆಯುತ್ತಿರಿ. ಒಟ್ಟು 10 ಮಿ.ಲೀ. ಸಾಕು. ಎಷ್ಟು ಬಿಟ್ಟಿರೋ ಅಷ್ಟು ಹೊರಗೆ ಬರಬೇಕು. ಕೊನೆಗೆ ಗಂಟಲನ್ನು ಮತ್ತೊಮ್ಮೆ ಎಳೆಯಿರಿ, ಕಫ್ ಮೇಲಿನ ಜೊಲ್ಲು ತೆಗೆಯುವ ಪ್ರತ್ಯೇಕ ಕೊಳವೆ ಟ್ಯೂಬ್‌ನಲ್ಲಿದ್ದರೆ ಅದನ್ನೂ. ಟ್ಯೂಬ್‌ನ ಗುರುತು ಮೊದಲಿನಷ್ಟೇ ಇದೆಯೇ ನೋಡಿ. ತುಟಿಯ ಒಂದೇ ಮೂಲೆಯಲ್ಲಿ ಟ್ಯೂಬ್ ಒತ್ತಿ ಹುಣ್ಣಾಗದಂತೆ ದಿನಕ್ಕೊಮ್ಮೆ ಇನ್ನೊಂದು ಬದಿಗೆ ಸರಿಸುವುದು ಐಸಿಯು ಸಿಬ್ಬಂದಿಯ ಕೆಲಸ, ಅದೂ ಇಬ್ಬರಿದ್ದಾಗ. ಮನೆಯವರು ಮುಟ್ಟಬಾರದು.

ದಿನಕ್ಕೆರಡು ಸಲ ಬ್ರಷ್, ಎರಡರಿಂದ ನಾಲ್ಕು ಗಂಟೆಗೊಮ್ಮೆ ಬಾಯಿ ಒದ್ದೆ ಮಾಡಿ ತುಟಿಗೆ ನೀರಿನಾಧಾರದ ಜೆಲ್. ವ್ಯಾಸಲಿನ್, ತುಪ್ಪ, ತೆಂಗಿನೆಣ್ಣೆ ತರುವವರಿದ್ದಾರೆ. ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅದೇ ಬೇರೆ ನ್ಯುಮೋನಿಯಾ. ಆಮ್ಲಜನಕ ಹರಿಯುವ ಮುಖದ ಮೇಲೆ ಜಿಡ್ಡು ಹಚ್ಚುವುದು ಬೆಂಕಿಯ ದೃಷ್ಟಿಯಿಂದಲೂ ಒಳ್ಳೆಯದಲ್ಲ. ಹಾಗೇ ‘ಸಿಸ್ಟರ್, ಒಂದು ಹನಿ ತೀರ್ಥ ಹಾಕ್ಲಾ?’ ಎಂದು ಕೇಳುವವರಿಗೆ ಗದರಬೇಡಿ. ಗಾಜ್ ತುದಿ ತೇವ ಮಾಡಿ, ಚೆನ್ನಾಗಿ ಹಿಂಡಿ, ತುಟಿಗೆ ಮಾತ್ರ ಮುಟ್ಟಿಸಲು ಹೇಳಿ. ಚಮಚದಲ್ಲಿ ಬಾಯಿಗೆ ಬಿಟ್ಟದ್ದು ಹೊಟ್ಟೆಗೆ ಹೋಗುವುದಿಲ್ಲ, ಕಫ್ ಮೇಲೆ ಹೋಗಿ ನಿಲ್ಲುತ್ತದೆ.

ಕಟ್ಟುಹಲ್ಲು ಇದ್ದರೆ ತೆಗೆದು, ಉಜ್ಜಿ, ಹೆಸರು ಬರೆದ ಮುಚ್ಚಳದ ಡಬ್ಬಿಯಲ್ಲಿ ನೀರಲ್ಲಿಡಿ. ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ಕಟ್ಟುಹಲ್ಲು ಕಸದ ಬುಟ್ಟಿಗೆ ಹೋಗುವುದು ಗ್ಯಾರಂಟಿ.

ಒಂದು ವಾರಕ್ಕೆ ಕೊಳ್ಳುವುದಾದರೆ

ಸಣ್ಣ ತಲೆಯ ಸಕ್ಷನ್ ಬ್ರಷ್ ಏಳು, ಬೆಳಿಗ್ಗೆ ಬಳಸಿದ್ದನ್ನೇ ಸ್ಟೆರೈಲ್ ನೀರೆಳೆದು ತೊಳೆದು ಸಂಜೆಗೂ ಬಳಸುವ ಲೆಕ್ಕದಲ್ಲಿ. ಪ್ಯಾಕೆಟ್ ಮೇಲೆ ಒಂದೇ ಬಳಕೆ ಎಂದಿದ್ದರೆ ಹದಿನಾಲ್ಕು. ಯಾಂಕರ್ ಏಳು, 100 ಮಿ.ಲೀ. ಸ್ಟೆರೈಲ್ ವಾಟರ್ ಏಳು ಬಾಟಲಿ, 10 ಮಿ.ಲೀ. ಸಿರಿಂಜ್ ಏಳು, ಸ್ಟೆರೈಲ್ ಗಾಜ್ ಒಂದು ಪ್ಯಾಕೆಟ್, ನೀರಿನಾಧಾರದ ಜೆಲ್ ಒಂದು ಟ್ಯೂಬ್, ಗ್ಲೌಸ್ ಒಂದು ಡಬ್ಬಿ. ಮೌತ್‌ವಾಶ್ ಡಾಕ್ಟರ್ ಬರೆದಿದ್ದರೆ ಮಾತ್ರ. ತೊಳೆದ ಬ್ರಷ್ಷನ್ನು ಪಾಲಿಥಿನ್ ಕವರಿಗೆ ಹಾಕಿ ಗಂಟು ಕಟ್ಟಬೇಡಿ, ಒದ್ದೆಯಲ್ಲೇ ಜೀವಾಣು ಬೆಳೆಯುತ್ತದೆ. ತಲೆ ಮೇಲಾಗಿ, ಗಾಳಿಯಾಡುವಂತೆ, ಒಂದು ಲೋಟದಲ್ಲಿ ನಿಲ್ಲಿಸಿ. ಲೋಟದ ಮೇಲೆ ಹಾಸಿಗೆ ನಂಬರ್, ಬ್ರಷ್ ತೆರೆದ ದಿನ ಮತ್ತು ಗಂಟೆ ಬರೆಯಿರಿ.